ನೆತ್ತರಿನ ಜಮಾಖರ್ಚು

ಕನ್ನಡ ಕಾವ್ಯವನ್ನು ಓದಿದವರಿಗೆ ತೊಡೆಯ ಕಥೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ರನ್ನನು ತನ್ನ ‘ಗದಾಯುದ್ಧ’ವನ್ನು ಭೀಮನ ಗದೆ ದುರ್ಯೋಧನನ ತೊಡೆಯನ್ನು ಮುರಿಯುವ ಗಳಿಗೆಯ ಕಡೆಗೇ ನಡೆಸಿಕೊಂಡು ಹೋಗುತ್ತಾನೆ. ಸಂಸ್ಕೃತದಲ್ಲಿ ಭಾಸನ ನಾಟಕವೊಂದಕ್ಕೆ ‘ಊರುಭಂಗ’ವೆಂದೇ ಹೆಸರು. ಬಿಳಿಚಿದ ಮೈಯೂ ನಮ್ಮ ಪುರಾಣಗಳಿಗೆ ಅಪರಿಚಿತವಲ್ಲ. ವ್ಯಾಸರನ್ನು ಕಂಡು ಅಂಬಾಲಿಕೆ ಬಿಳಿಚಿಕೊಂಡಳೆಂದು ಅವಳ ಮಗ ಪಾಂಡುವಾದನು. ಆಯುರ್ವೇದವು ಅದೇ ಶಬ್ದದಿಂದ ಒಂದು ರೋಗವನ್ನು ಕರೆದು, ಅದರ ಚಿಕಿತ್ಸೆಯಲ್ಲಿ ಲೋಹಭಸ್ಮವನ್ನೂ ಮಂಡೂರವನ್ನೂ, ಎಂದರೆ ಕಬ್ಬಿಣವನ್ನೇ, ಬಳಸಿತು. ಆದರೆ ಮುರಿದ ತೊಡೆಯೂ ಅರಸನದು, ಬಿಳಿಚಿದ ಮೈಯೂ ಅರಸನದು. ಅಡುಗೆಮನೆಯ ಹೊಸ್ತಿಲ ಬಳಿ ಗೋಡೆಗೆ ಕೈಯೂರಿ ಏಳುವ, ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುವ ಮುದುಕಿಯ ತೊಡೆಗೂ ಬಿಳುಪಿಗೂ ಕಾವ್ಯದಲ್ಲಿ ಅಷ್ಟು ಜಾಗ ಸಿಕ್ಕಿಲ್ಲ.

ಸವೆದ ಕೀಲು, ತೆಳುವಾದ ನೆತ್ತರು, ಈ ಎರಡೂ ಇಂದು ಆಸ್ಪತ್ರೆಯ ಒಂದೇ ಮಂಚದ ಮೇಲೆ ಕೂಡಿಬರುತ್ತವೆ. ಸೊಂಟದ ಕೀಲನ್ನು ಬದಲಿಸುವ ಶಸ್ತ್ರಕ್ರಿಯೆಗೆ ಬರುವವರಲ್ಲಿ ಹಲವರು ಮೊದಲೇ ರಕ್ತಹೀನರು. ಶಸ್ತ್ರಕ್ರಿಯೆಯಾದರೋ ರಕ್ತವನ್ನು ಬೇಡುವಂಥದು. ಇಲ್ಲದವರ ಕೈಯಿಂದಲೇ ಕಂದಾಯ ವಸೂಲು ಮಾಡುವಂತಹ ಈ ಸಂಕಟವನ್ನು ವೈದ್ಯರು ಹೇಗೆ ನಿಭಾಯಿಸುತ್ತಾರೆಂಬುದು ಈ ಲೇಖನದ ವಿಷಯ. ನಾನು ವೈದ್ಯನಲ್ಲ; ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ನಮ್ಮ ದೊಡ್ಡಮ್ಮನ ನಿಮಿತ್ತದಿಂದ ಈ ವಿಷಯ ನನ್ನ ಪಾಲಿಗೆ ಬಂದಿತು. ಬಂದ ಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇನೆ. ಒಬ್ಬೊಬ್ಬ ರೋಗಿಯ ಮಟ್ಟಿಗೆ ತೀರ್ಮಾನ ಹೇಳಬೇಕಾದವರು ಅವರವರ ವೈದ್ಯರೇ.

ಸೊಂಟದ ಕೀಲು ಎಂದು ನಾವು ಕರೆಯುವುದು ಸೀರೆಯ ನೆರಿಗೆ ಸಿಕ್ಕಿಸುವ ಸೊಂಟದಲ್ಲಿಲ್ಲ. ಅದಕ್ಕೂ ಕೆಳಗೆ, ತೊಡೆಯು ಮುಂಡವನ್ನು ಸೇರುವೆಡೆಯಲ್ಲಿ, ಮಾಂಸದ ಆಳದಲ್ಲಿದೆ. ಅದರ ರಚನೆಯನ್ನು ತಿಳಿಯಲು ನಮ್ಮ ಮನೆಗಳ ಹಳೆಯ ರುಬ್ಬುವ ಕಲ್ಲಿಗಿಂತ ಒಳ್ಳೆಯ ಉಪಮಾನ ಬೇಕಿಲ್ಲ. ಒರಳಿನ ಕುಳಿಯಂತೆ ಸೊಂಟದ ಮೂಳೆಯಲ್ಲೊಂದು ಗುಳಿ; ಅದರೊಳಗೆ ತಿರುಗುವ ಗುಂಡಿನಂತೆ ತೊಡೆಮೂಳೆಯ ತಲೆ. ಕಲ್ಲಿಗೆ ಕಲ್ಲು ತಾಗದಂತೆ ನಡುವೆ ನುಣುಪಾದ ಮೃದ್ವಸ್ಥಿಯ ಹೊದಿಕೆ. ವಯಸ್ಸಿನಿಂದಲೋ ಸಂಧಿವಾತದಿಂದಲೋ, ಮೂಳೆಯ ತಲೆಗೆ ರಕ್ತ ಹರಿಯುವುದು ನಿಂತೋ ಈ ಹೊದಿಕೆ ಹಾಳಾದಾಗ ಮೂಳೆಗೆ ಮೂಳೆ ಉಜ್ಜುತ್ತದೆ. ಆಮೇಲೆ ಹಗಲು ನಡಿಗೆಯಿಲ್ಲ, ರಾತ್ರಿ ನಿದ್ರೆಯಿಲ್ಲ.

ಇಂಗ್ಲೆಂಡಿನ ರೈಟಿಂಗ್ಟನ್ ಎಂಬಲ್ಲಿನ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು ಈ ಒರಳನ್ನೂ ಗುಂಡನ್ನೂ ಎರಡನ್ನೂ ಬದಲಿಸುವ ದಾರಿಯನ್ನು ಹುಡುಕಿದರು. ಮೊದಲು ಅವರು ಒರಳಿಗೆ ಟೆಫ್ಲಾನನ್ನು ಬಳಸಿದರು. ಅದು ಕೆಲವೇ ವರ್ಷಗಳಲ್ಲಿ ಸವೆದು, ಸವೆದ ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿತು. ಹೊಸ ವಸ್ತುವನ್ನು ರೋಗಿಗಳ ಮೈಯೊಳಗಿಡುವ ಮುಂಚೆ, ಅದರ ಚೂರನ್ನೂ ಟೆಫ್ಲಾನಿನ ಚೂರನ್ನೂ ಅವರು ತಮ್ಮದೇ ತೊಡೆಯೊಳಗೆ ಇಡಿಸಿಕೊಂಡು ಪರೀಕ್ಷಿಸಿದರು. ೧೯೬೨ರ ನವೆಂಬರಿನಲ್ಲಿ ಲೋಹದ ಗುಂಡು, ಪಾಲಿಎಥಿಲೀನಿನ ಬಟ್ಟಲು, ಎರಡನ್ನೂ ಮೂಳೆಗೆ ಕಚ್ಚಿಸುವ ಅಕ್ರಿಲಿಕ್ ಸಿಮೆಂಟು, ಈ ಮೂರರ ಕೂಟ ರೋಗಿಯ ಮೈಸೇರಿತು. ಇಂದಿನ ಕೃತಕ ಕೀಲುಗಳೆಲ್ಲ ಅದೇ ವಂಶದವು. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ೨೦೦೭ರಲ್ಲಿ ಪ್ರಕಟವಾದ ಒಂದು ಲೇಖನ ಇದನ್ನು ಶತಮಾನದ ಶಸ್ತ್ರಕ್ರಿಯೆಯೆಂದು ಕರೆಯಿತು. ಹೆಜ್ಜೆಯಿಡಲಾರದವರು ಮರುದಿನವೇ ಎದ್ದು ನಿಲ್ಲುವುದನ್ನು ಕಂಡವರಿಗೆ ಅದು ಹೆಚ್ಚಿನ ಮಾತೆನಿಸುವುದಿಲ್ಲ.

ಆದರೆ ಈ ಕೊಡುಗೆಗೆ ಬೆಲೆಯುಂಟು, ಆ ಬೆಲೆ ನೆತ್ತರಿನಲ್ಲಿ ಸಲ್ಲುತ್ತದೆ. ಮೂಳೆ ಒಣಗಿದ ಕಟ್ಟಿಗೆಯಂತೆ ನಮಗೆ ತೋರಿದರೂ ಜೀವಂತ ಮೂಳೆಯ ಒಳಗೆಲ್ಲ ರಕ್ತ ತುಂಬಿರುತ್ತದೆ. ಕೊಯ್ದರೆ, ಕೊರೆದರೆ ಅದು ಜಿನುಗುತ್ತಲೇ ಇರುತ್ತದೆ. ಮೊಣಕಾಲಿನ ಶಸ್ತ್ರಕ್ರಿಯೆಯಲ್ಲಿ ತೊಡೆಗೆ ಬಿಗಿಯಾದ ಪಟ್ಟಿ ಕಟ್ಟಿ ರಕ್ತದ ಹರಿವನ್ನು ತಡೆದಿಡಬಹುದು. ಸೊಂಟದ ಕೀಲು ಕಾಲಿನ ಬುಡದಲ್ಲೇ ಇರುವುದರಿಂದ ಅಲ್ಲಿ ಪಟ್ಟಿ ಕಟ್ಟಲು ಎಡೆಯಿಲ್ಲ. ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ, ಕೆಲವೊಮ್ಮೆ ಅದಕ್ಕೂ ಮಿಕ್ಕು ರಕ್ತ ಹೋಗುವುದುಂಟು. ಅದರಲ್ಲಿ ಒಂದು ಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಲಿಗೆ ಹಾಕಿದ ಮೇಲೂ ಒಳಗೊಳಗೇ ಜಿನುಗಿ ತೊಡೆಯ ಮಾಂಸದಲ್ಲಿ ಇಂಗಿ ಹೋಗುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಎಂಬತ್ತು ಕಿಲೋ ತೂಗುವ ಗಂಡಸಿನ ಮೈಯಲ್ಲಿ ಸುಮಾರು ಐದೂವರೆ ಲೀಟರ್ ರಕ್ತವಿದ್ದರೆ, ಐವತ್ತು ಕಿಲೋ ತೂಗುವ ಹೆಂಗಸಿನ ಮೈಯಲ್ಲಿರುವುದು ಮೂರೂಕಾಲು ಲೀಟರಿನಷ್ಟು. ಒಂದು ಲೀಟರ್ ಹೋಯಿತೆಂದರೆ ಅವನಿಗೆ ಐದರಲ್ಲೊಂದು ಪಾಲಿಗೂ ಕಡಿಮೆ, ಅವಳಿಗೆ ಮೂರರಲ್ಲೊಂದು ಪಾಲಿಗೆ ಸಮೀಪ. ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೊಗ್ಲೋಬಿನ್ ಗಂಡಸರಿಗೆ ೧೩ ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಿಗೆ ೧೨ ಗ್ರಾಂ, ಇದಕ್ಕಿಂತ ಕೆಳಗಿದ್ದರೆ ರಕ್ತಹೀನತೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಹೆಂಗಸಿಗೆ ರಕ್ತದ ಪ್ರಮಾಣವೂ ಕಡಿಮೆ, ಅದರ ಗಟ್ಟಿತನದ ಗುರಿಯೂ ಕಡಿಮೆ. ಆದರೆ ಶಸ್ತ್ರಕ್ರಿಯೆಯಲ್ಲಿ ಹೋಗುವ ರಕ್ತಕ್ಕೆ ಗಂಡು ಹೆಣ್ಣೆಂಬ ದಾಕ್ಷಿಣ್ಯವಿಲ್ಲ. ಆದುದರಿಂದಲೇ ೨೦೧೭ರಲ್ಲಿ ಹಲವು ದೇಶಗಳ ತಜ್ಞರು ಕೂಡಿ, ದೊಡ್ಡ ಶಸ್ತ್ರಕ್ರಿಯೆಗೆ ಮುನ್ನ ಇಬ್ಬರಿಗೂ ೧೩ ಎಂಬ ಒಂದೇ ಗುರಿಯಿರಲೆಂದು ಸಲಹೆಯಿತ್ತರು. ಹೆಂಗಸಿಗೆ ಇಷ್ಟು ಸಾಕು ಎಂಬ ಮಾತು ಅಡುಗೆಮನೆಯಿಂದ ಪ್ರಯೋಗಶಾಲೆಯವರೆಗೂ ಹಬ್ಬಿದೆಯೇನೋ ಎಂದು ಇದನ್ನು ಓದಿದಾಗ ನನಗೆ ಅನ್ನಿಸಿತು.

ದೊಡ್ಡಮ್ಮನಿಗೆ ೨೦೨೨ರಲ್ಲಿ ಅರವತ್ತೇಳು ವರ್ಷ. ನನ್ನ ತಾಯಿಯ ಅಕ್ಕ. ನನ್ನ ಓದಿನ ದಿನಗಳಲ್ಲಿ ಅನ್ನವಿಕ್ಕಿ ಸಾಕಿದವಳು. ಬಲಗಾಲಿನ ಕೀಲು ಸವೆದು ಆರೇಳು ವರ್ಷಗಳಾಗಿದ್ದುವು. ಆ ಮಳೆಗಾಲದಲ್ಲಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಗೆ ದಿನ ಗೊತ್ತಾಯಿತು. ಅವಳ ಮಗ, ನನಗೆ ಅಣ್ಣನಾಗಬೇಕು, ಕೆಲಸಕ್ಕೆ ರಜೆ ಹಾಕಿದ. ಸೊಸೆ ತವರಿನಿಂದ ತಂಗಿಯನ್ನು ಕರೆಸಿಕೊಂಡಳು. ನಾನು ಪರೀಕ್ಷೆಯ ಮೇಲ್ವಿಚಾರಣೆಯ ದಿನಗಳನ್ನು ಬದಲಾಯಿಸಿಕೊಂಡೆ. ಎಲ್ಲ ಸಿದ್ಧವಾದ ಮೇಲೆ ಅರಿವಳಿಕೆಯ ವೈದ್ಯೆ ರಕ್ತಪರೀಕ್ಷೆಯ ಕಾಗದವನ್ನು ನೋಡಿ, ಹಿಮೊಗ್ಲೋಬಿನ್ ೯.೪ ಇದೆ, ಆರು ವಾರ ಬಿಟ್ಟು ಬನ್ನಿ ಎಂದರು.

ಅಣ್ಣನಿಗೆ ಸಿಟ್ಟು ಬಂದಿತು. ಸಿಟ್ಟಿಗೆ ಕಾರಣವೂ ಇತ್ತು. ರಾತ್ರಿಯೆಲ್ಲ ನರಳುವ ತಾಯಿಯನ್ನು ಇನ್ನೂ ಆರು ವಾರ ನೋಡಬೇಕಾದವನು ಅವನು. “ಒಂದೆರಡು ಬಾಟಲಿ ರಕ್ತ ಹಾಕಿ ಮುಗಿಸಿಬಿಡಿ ಡಾಕ್ಟರೆ, ಕೊಡುವುದಕ್ಕೆ ನಮ್ಮ ಹುಡುಗರು ನಾಲ್ಕು ಜನ ಬಂದಿದ್ದಾರೆ” ಎಂದ. ವೈದ್ಯೆ ಸಾವಧಾನವಾಗಿ, “ಹಾಕುವುದು ಕಷ್ಟವಲ್ಲ. ಆದರೆ ಅಮ್ಮನವರ ರಕ್ತ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದೆ ಹಾಕಿದರೆ, ತೂತು ಕೊಡಕ್ಕೆ ನೀರು ತುಂಬಿದ ಹಾಗೆ” ಎಂದರು. ದೊಡ್ಡಮ್ಮ ಮಾತ್ರ ಯಾರ ಮೇಲೂ ಬೇಸರಿಸಲಿಲ್ಲ. “ನನ್ನ ಮೈಯೇ ಹೀಗೆ ಕಣಪ್ಪ, ಮೊದಲಿನಿಂದಲೂ ರಕ್ತ ಕಡಿಮೆ” ಎಂದು ನನಗೆ ಹೇಳಿದಳು, ತನ್ನ ಗೋತ್ರವನ್ನೋ ನಕ್ಷತ್ರವನ್ನೋ ಹೇಳುವ ಧ್ವನಿಯಲ್ಲಿ.

ಆ ಆರು ವಾರಗಳ ಅರ್ಥ ತಿಳಿಯಬೇಕಾದರೆ ಮೈಯೊಳಗಿನ ಕಬ್ಬಿಣದ ಖಾತೆಯನ್ನು ನೋಡಬೇಕು. ವಯಸ್ಕರ ದೇಹದಲ್ಲಿರುವ ಕಬ್ಬಿಣವೆಲ್ಲ ಸೇರಿ ಮೂರು ನಾಲ್ಕು ಗ್ರಾಂ, ಒಂದೆರಡು ಮೊಳೆಗಳಾಗುವಷ್ಟು. ಅದರ ಹೆಚ್ಚಿನ ಪಾಲು ರಕ್ತದ ಕೆಂಪು ಕಣಗಳಲ್ಲಿದೆ. ಒಂದು ಕೆಂಪು ಕಣದ ಆಯುಷ್ಯ ಸುಮಾರು ನೂರಿಪ್ಪತ್ತು ದಿನ. ಸತ್ತ ಕಣದ ಕಬ್ಬಿಣವನ್ನು ದೇಹ ಚೆಲ್ಲದೆ ಮತ್ತೆ ಹೊಸ ಕಣಕ್ಕೆ ಬಳಸುತ್ತದೆ. ಜಿಪುಣನ ಸಂಸಾರವಿದು. ಹೊರಗಿನಿಂದ, ಎಂದರೆ ಊಟದಿಂದ, ದಿನಕ್ಕೆ ಒಳಬರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಅರ್ಧ ಲೀಟರ್ ಆರೋಗ್ಯವಂತ ರಕ್ತದೊಡನೆ ಇನ್ನೂರು ಮಿಲಿಗ್ರಾಮಿಗೂ ಹೆಚ್ಚು ಕಬ್ಬಿಣ ಹೊರಟುಹೋಗುತ್ತದೆ. ಅದನ್ನು ಬರಿಯ ಊಟದಿಂದ ತುಂಬಿಕೊಳ್ಳಲು ನೂರು ದಿನಗಳಿಗೂ ಹೆಚ್ಚು ಬೇಕು. ಉಗ್ರಾಣದಲ್ಲಿ ದಾಸ್ತಾನಿದ್ದವರು ಅದರಿಂದ ತೆಗೆದು ಹೊಸ ರಕ್ತ ಮಾಡಿಕೊಳ್ಳುತ್ತಾರೆ. ಉಗ್ರಾಣವೇ ಬರಿದಾಗಿದ್ದರೆ, ಶಸ್ತ್ರಕ್ರಿಯೆ ಎಷ್ಟು ಚೆನ್ನಾಗಿ ನಡೆದರೂ ರೋಗಿ ತಿಂಗಳುಗಟ್ಟಲೆ ಕಳೆಗುಂದಿ, ಹೊಸ ಕೀಲಿದ್ದೂ ನಡೆಯುವ ತ್ರಾಣವಿಲ್ಲದೆ ಕುಳಿತಿರಬೇಕಾಗುತ್ತದೆ.

ಹಾಗಾದರೆ ದೊಡ್ಡಮ್ಮನ ಉಗ್ರಾಣವನ್ನು ಬರಿದುಮಾಡಿದ್ದು ಯಾವುದು? ಫೆರಿಟಿನ್ ಎಂಬ ಪರೀಕ್ಷೆ ದಾಸ್ತಾನಿನ ಅಂದಾಜನ್ನು ಕೊಡುತ್ತದೆ. ಅವಳಲ್ಲಿ ಅದು ತೀರ ಕೆಳಗಿತ್ತು. ವೈದ್ಯೆ ಕೇಳಿದ ಮೊದಲನೆಯ ಪ್ರಶ್ನೆ, ಕಾಲುನೋವಿಗೆ ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು. ದೊಡ್ಡಮ್ಮ ಸೆರಗಿನ ಗಂಟನ್ನು ಬಿಚ್ಚಿ ತೋರಿಸಿದಳು. ಔಷಧದಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಗಳು. ಬೆಳಗ್ಗೆ ಒಂದು, ರಾತ್ರಿ ಒಂದು, ವರ್ಷಗಳಿಂದ. ಈ ಜಾತಿಯ ಮಾತ್ರೆಗಳು ನೋವನ್ನು ತಗ್ಗಿಸುವಾಗಲೇ ಜಠರದ ಒಳಪದರದ ರಕ್ಷಣೆಯನ್ನೂ ತಗ್ಗಿಸುತ್ತವೆ. ಅಲ್ಲಿ ಸಣ್ಣ ಹುಣ್ಣುಗಳಾಗಿ ರಕ್ತ ಒಸರುತ್ತದೆ. ದಿನಕ್ಕೆ ಒಂದು ಟೀ ಚಮಚೆಯಷ್ಟು, ಐದು ಮಿಲಿಲೀಟರ್, ರಕ್ತ ಹೋದರೆ ಎರಡು ಮಿಲಿಗ್ರಾಂ ಕಬ್ಬಿಣ ಹೋದಂತೆ. ಊಟದಿಂದ ಬಂದದ್ದೆಲ್ಲ ಅಲ್ಲಿಗೇ ಸಂದಾಯವಾಯಿತು. ಅಷ್ಟು ರಕ್ತ ಮಲದಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ. ಎಂಡೋಸ್ಕೋಪಿಯಲ್ಲಿ ಹುಣ್ಣುಗಳು ಕಂಡವು. ಕೀಲಿನ ನೋವನ್ನು ಅಡಗಿಸಲು ನುಂಗಿದ್ದೇ ಆ ಕೀಲನ್ನು ಸರಿಪಡಿಸುವ ಶಸ್ತ್ರಕ್ರಿಯೆಗೆ ಅವಳನ್ನು ಅನರ್ಹಳನ್ನಾಗಿ ಮಾಡಿತ್ತು.

ಇನ್ನೊಂದು ಕಾರಣ ಆಸ್ಪತ್ರೆಯ ಯಂತ್ರಕ್ಕೆ ಕಾಣುವಂಥದಲ್ಲ. ಎಲ್ಲರ ಊಟವಾದ ಮೇಲೆ ಉಳಿದ ಸಾರಿನಲ್ಲಿ ಅನ್ನ ಕಲಸಿಕೊಳ್ಳುವುದು, ಸೊಪ್ಪಿನ ಪಲ್ಯ ಮಿಕ್ಕರೆ ತನಗೆ, ಮಿಗದಿದ್ದರೆ ಉಪ್ಪಿನಕಾಯಿ, ಅದರ ಹಿಂದೆಯೇ ಒಂದು ಲೋಟ ಕಾಫಿ: ಇದು ಅವಳ ಐವತ್ತು ವರ್ಷಗಳ ದಿನಚರಿ. ಕಾಫಿ, ಟೀಗಳನ್ನು ಊಟದ ಜೊತೆಗೇ ಕುಡಿದರೆ ಧಾನ್ಯ ಸೊಪ್ಪುಗಳ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ; ನಿಂಬೆ, ನೆಲ್ಲಿ, ಸೀಬೆಗಳ ಹುಳಿಯಲ್ಲಿರುವ ಸಿ ಜೀವಸತ್ತ್ವ ಅದನ್ನು ಹೆಚ್ಚಿಸುತ್ತದೆ. ಆದರೆ ಖಾತೆ ಇಷ್ಟು ಮುಳುಗಿದ ಮೇಲೆ ಆರು ವಾರಗಳಲ್ಲಿ ಊಟವೊಂದರಿಂದಲೇ ಅದನ್ನು ಎತ್ತಲಾಗದು. ಚಿಕಿತ್ಸೆ ಮೂರು ಭಾಗಗಳಲ್ಲಿ ನಡೆಯಿತು. ಆ ನೋವಿನ ಮಾತ್ರೆಯನ್ನು ನಿಲ್ಲಿಸಿ ಬೇರೊಂದನ್ನು ಕೊಟ್ಟರು. ಹುಣ್ಣು ಮಾಯಲು ಔಷಧವಿತ್ತರು. ಒಂದು ಸಾವಿರ ಮಿಲಿಗ್ರಾಂ ಕಬ್ಬಿಣವನ್ನು ರಕ್ತನಾಳದ ಮೂಲಕ ಏರಿಸಿದರು.

ಕಬ್ಬಿಣದ ಮಾತ್ರೆ ಸಾಲದೆ ಎಂದು ನಾನು ಕೇಳಿದೆ. ಸಮಯವಿದ್ದು, ಹೊಟ್ಟೆ ತಡೆದುಕೊಳ್ಳುವುದಾದರೆ ಸಾಕು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನ ಸಂಶೋಧಕರು ೨೦೧೭ರಲ್ಲಿ ತೋರಿಸಿದಂತೆ, ಕಬ್ಬಿಣದ ಕೊರತೆಯಿರುವ ಹೆಂಗಸರಲ್ಲಿ ಮಾತ್ರೆಯನ್ನು ದಿನವೂ ನುಂಗುವುದಕ್ಕಿಂತ ದಿನ ಬಿಟ್ಟು ದಿನ ನುಂಗಿದರೆ ಒಂದೊಂದು ಮಾತ್ರೆಯಿಂದ ಮೈಗೆ ಹತ್ತುವ ಪಾಲು ಹೆಚ್ಚು. ಕಾರಣ, ಯಕೃತ್ತಿನಲ್ಲಿ ಹುಟ್ಟುವ ಹೆಪ್ಸಿಡಿನ್ ಎಂಬ ಹಾರ್ಮೋನು. ಕಬ್ಬಿಣದ ಉಗ್ರಾಣಕ್ಕೆ ಇದು ಬಾಗಿಲು ಕಾಯುವವನು. ಒಮ್ಮೆ ಮಾತ್ರೆ ಒಳಹೋದೊಡನೆ ಬಾಗಿಲನ್ನು ಅರ್ಧ ಮುಚ್ಚುತ್ತದೆ; ತೆರೆಯಲು ಒಂದು ದಿನ ಬೇಕು. ಸಂಧಿವಾತದಂತಹ ದೀರ್ಘಕಾಲದ ಉರಿಯೂತ ಮೈಯಲ್ಲಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಆಗ ಮಾತ್ರೆ ನುಂಗಿಯೂ ಫಲ ಕಡಿಮೆ. ರಕ್ತನಾಳದ ದಾರಿ ಈ ಬಾಗಿಲನ್ನು ಬಳಸಿ ಹೋಗುತ್ತದೆ.

ಹೀಗೆಂದು ರಕ್ತನಾಳದ ಕಬ್ಬಿಣವನ್ನು ಸಂಜೀವಿನಿಯೆಂದು ತಿಳಿಯಬಾರದು. ಹೊಟ್ಟೆಯ ದೊಡ್ಡ ಶಸ್ತ್ರಕ್ರಿಯೆಗಳಿಗೆ ಮುನ್ನ ರಕ್ತಹೀನರಿಗೆಲ್ಲ ಅದನ್ನು ಕೊಟ್ಟು ನೋಡಿದ ಬ್ರಿಟನ್ನಿನ ಒಂದು ದೊಡ್ಡ ಪ್ರಯೋಗದ ಫಲಿತಾಂಶ ೨೦೨೦ರಲ್ಲಿ ಬಂದಿತು. ರಕ್ತ ಕೊಡಬೇಕಾಗಿ ಬಂದವರ ಸಂಖ್ಯೆ ಅದರಿಂದ ಇಳಿಯಲಿಲ್ಲ. ರಕ್ತಹೀನತೆ ಒಂದು ರೋಗದ ಹೆಸರೆನ್ನುವುದಕ್ಕಿಂತ ಹಲವು ರೋಗಗಳ ಮುಖವೆನ್ನಬೇಕು. ಕಬ್ಬಿಣದ ಕೊರತೆಯಿರಬಹುದು, ಬರಿಯ ಸಸ್ಯಾಹಾರಿಗಳಲ್ಲಿ ಬಿ-೧೨ ಜೀವಸತ್ತ್ವದ ಕೊರತೆಯಿರಬಹುದು, ಮೂತ್ರಪಿಂಡ ಸೋತಿರಬಹುದು, ಹುಟ್ಟಿನಿಂದ ಬಂದ ಥಲಸ್ಸೀಮಿಯಾದ ಲಕ್ಷಣವಿರಬಹುದು, ಕರುಳಿನಲ್ಲೆಲ್ಲೋ ಅರ್ಬುದ ಅಡಗಿರಬಹುದು. ಯಾವುದೆಂದು ತಿಳಿಯದೆ ಎಲ್ಲರಿಗೂ ಒಂದೇ ಔಷಧ ಸಲ್ಲದು. ಆರು ವಾರಗಳಲ್ಲಿ ಮೊದಲ ವಾರ ಹೋಗುವುದು ಈ ಹುಡುಕಾಟಕ್ಕೆ.

ಇನ್ನು ಅಣ್ಣ ಕೇಳಿದ ಬಾಟಲಿಯ ಮಾತು. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ೧೯೦೧ರಲ್ಲಿ ರಕ್ತದ ಗುಂಪುಗಳನ್ನು ಗುರುತಿಸಿದ ಮೇಲೆ ಒಬ್ಬರ ರಕ್ತ ಇನ್ನೊಬ್ಬರಿಗೆ ನಿರ್ಭಯವಾಗಿ ಸಲ್ಲುವ ದಾರಿ ತೆರೆಯಿತು. ಅದು ಉಳಿಸಿದ ಪ್ರಾಣಗಳಿಗೆ ಲೆಕ್ಕವಿಲ್ಲ. ೧೯೪೨ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಆಡಮ್ಸ್ ಮತ್ತು ಲಂಡಿ ಎಂಬವರು, ಹಿಮೊಗ್ಲೋಬಿನ್ ೧೦ಕ್ಕಿಂತ ಕಡಿಮೆಯಿದ್ದರೆ ಶಸ್ತ್ರಕ್ರಿಯೆಗೆ ಮುನ್ನ ರಕ್ತ ಕೊಡುವುದು ಲೇಸೆಂದರು. ಆ ಹತ್ತು ಬಹುಕಾಲ ವೈದ್ಯರಿಗೆ ಮಂತ್ರವಾಯಿತು. ಅದನ್ನು ಪರೀಕ್ಷಿಸಿ ನೋಡಿದವರಲ್ಲಿ ಮುಖ್ಯವಾದದ್ದು ಅಮೆರಿಕ ಮತ್ತು ಕೆನಡಾಗಳ ನಲವತ್ತೇಳು ಆಸ್ಪತ್ರೆಗಳಲ್ಲಿ ನಡೆದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನ. ಸೊಂಟದ ಮೂಳೆ ಮುರಿದು ಶಸ್ತ್ರಕ್ರಿಯೆಯಾದ, ಹೃದ್ರೋಗವಿದ್ದ ಅಥವಾ ಅದರ ಭಯವಿದ್ದ ಎರಡು ಸಾವಿರಕ್ಕೂ ಮಿಕ್ಕ ರೋಗಿಗಳಲ್ಲಿ ಅರ್ಧ ಮಂದಿಗೆ ಹಿಮೊಗ್ಲೋಬಿನ್ ೧೦ಕ್ಕಿಂತ ಇಳಿದೊಡನೆ ರಕ್ತವಿತ್ತರು; ಉಳಿದರ್ಧಕ್ಕೆ ೮ಕ್ಕಿಂತ ಇಳಿದಾಗ, ಇಲ್ಲವೇ ಎದೆನೋವು ಮುಂತಾದ ಲಕ್ಷಣ ತೋರಿದಾಗ ಮಾತ್ರ. ಅರವತ್ತು ದಿನಗಳ ಅನಂತರ ನೋಡಿದರೆ ಸಾವಿನಲ್ಲಾಗಲಿ ನಡೆಯುವ ಶಕ್ತಿಯಲ್ಲಾಗಲಿ ಎರಡು ಗುಂಪುಗಳಿಗೂ ಭೇದವಿರಲಿಲ್ಲ. ಪರರ ರಕ್ತವೆಂದರೆ ಪರರ ಅಂಗದ ಒಂದು ತುಣುಕು. ಮೈ ಅದನ್ನು ಪೂರ್ತಿ ತನ್ನದೆಂದು ಒಪ್ಪುವುದಿಲ್ಲ. ಜ್ವರ, ಅಲರ್ಜಿ, ಹೃದಯದ ಮೇಲೆ ಹೊರೆ ಇವೆಲ್ಲ ಉಂಟಾಗಬಹುದು. ರಕ್ತ ಪಡೆದವರಲ್ಲಿ ಕೃತಕ ಕೀಲಿಗೆ ಸೋಂಕು ತಗಲುವುದು ಹೆಚ್ಚೆಂದು ಕಂಡುಬಂದಿರುವುದೂ ಉಂಟು. ಬೇಕಾದಾಗ ಅದಕ್ಕೆ ಸಮನಾದುದಿಲ್ಲ. ಬೇಡವಾದಾಗ ಅದು ಸಾಲ.

ಸ್ವಂತ ರಕ್ತವನ್ನೇ ವಾರಗಳ ಮುಂಚೆ ತೆಗೆದಿರಿಸಿ, ಶಸ್ತ್ರಕ್ರಿಯೆಯ ದಿನ ಮರಳಿ ಕೊಡುವ ಪದ್ಧತಿ ಏಡ್ಸಿನ ಭಯ ಹರಡಿದ ೧೯೮೦ರ ದಶಕದ ಅನಂತರ ಪಾಶ್ಚಾತ್ಯ ದೇಶಗಳಲ್ಲಿ ಬಲವಾಗಿತ್ತು. ಮೇಲ್ನೋಟಕ್ಕೆ ಜಾಣತನವೇ. ಆದರೆ ರಕ್ತ ತೆಗೆದಿರಿಸಿದವರು ಶಸ್ತ್ರಕ್ರಿಯೆಯ ಹೊತ್ತಿಗೆ ರಕ್ತಹೀನರಾಗಿರುತ್ತಿದ್ದರು. ಆದಕಾರಣ ಅದು ಬಹುಮಟ್ಟಿಗೆ ಬಿಟ್ಟುಹೋಯಿತು. ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಐಶ್ವರ್ಯ ಬೆಳೆಯುವುದಿಲ್ಲವಷ್ಟೆ.

ಆರು ವಾರಗಳು ಕಳೆದಾಗ ದೊಡ್ಡಮ್ಮನ ಹಿಮೊಗ್ಲೋಬಿನ್ ೧೨.೧ಕ್ಕೆ ಏರಿತ್ತು. ಗುರಿ ಮುಟ್ಟದಿದ್ದರೂ ಗುರಿಗೆ ಹತ್ತಿರ. ಇಷ್ಟರ ಮೇಲೆ ಶಸ್ತ್ರಕ್ರಿಯೆಯ ದಿನದ ಉಳಿತಾಯಗಳು ಬೇರೆ. ಅವೆಲ್ಲ ಸಣ್ಣ ಸಣ್ಣವು. ಗೃಹಿಣಿ ಕೂಡಿಡುವ ಚಿಲ್ಲರೆಯಂತೆ ಸೇರಿದಾಗ ದೊಡ್ಡವಾಗುತ್ತವೆ. ಪೂರ್ಣ ಅರಿವಳಿಕೆಗೆ ಬದಲಾಗಿ ಬೆನ್ನುಹುರಿಯ ಬಳಿ ಚುಚ್ಚುಮದ್ದು ಕೊಟ್ಟರೆ ರಕ್ತ ಹೋಗುವುದು ಕಡಿಮೆಯಾಗುವುದುಂಟು. ಮೈಯನ್ನು ಬೆಚ್ಚಗಿಡುವುದೂ ಒಂದು ಉಳಿತಾಯ. ವಿಯೆನ್ನಾದಲ್ಲಿ ಸೊಂಟದ ಕೀಲು ಬದಲಿಸಿಕೊಂಡ ಅರವತ್ತು ಮಂದಿಯ ಮೇಲೆ ನಡೆದು ೧೯೯೬ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೈ ತಂಪಾಗಲು ಬಿಟ್ಟವರಿಗೂ ಬೆಚ್ಚಗಿಟ್ಟವರಿಗೂ ಇದ್ದ ಅಂತರ ಒಂದೂವರೆ ಡಿಗ್ರಿಯ ಸುಮಾರು. ತಂಪಾದವರು ಅರ್ಧ ಲೀಟರ್ ಹೆಚ್ಚು ರಕ್ತ ಕಳೆದುಕೊಂಡರು. ತಣ್ಣಗಾದ ಮೈಯಲ್ಲಿ ರಕ್ತ ಹೆಪ್ಪುಗಟ್ಟಲು ತಡಮಾಡುತ್ತದೆ. ಗಾಯದೊಳಗೆ ನಳಿಕೆಯಿಟ್ಟು ರಕ್ತವನ್ನು ಹೊರಗೆಳೆಯುವ ಹಳೆಯ ವಾಡಿಕೆಯಿಂದ ರಕ್ತ ಕೊಡಬೇಕಾದ ಸಂದರ್ಭಗಳು ಹೆಚ್ಚಿದುವೆಂದು ಕಂಡ ಮೇಲೆ ಅದನ್ನೂ ಅನೇಕರು ಬಿಟ್ಟರು. ಹೆಚ್ಚು ರಕ್ತ ಹೋಗುವ ಕಷ್ಟದ ಶಸ್ತ್ರಕ್ರಿಯೆಗಳಲ್ಲಿ ಚೆಲ್ಲಿದ ರಕ್ತವನ್ನೇ ಯಂತ್ರದಲ್ಲಿ ತೊಳೆದು ಮರಳಿ ಕೊಡುವುದೂ ಉಂಟು.

ಈ ಚಿಲ್ಲರೆಗಳ ನಡುವೆ ಒಂದು ಬಂಗಾರದ ನಾಣ್ಯವಿದೆ. ಅದರ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಎರಡನೆಯ ಮಹಾಯುದ್ಧದಿಂದ ಜರ್ಝರಿತವಾದ ಜಪಾನಿನಲ್ಲಿ ಉಟಾಕೊ ಒಕಾಮೊಟೊ ಮತ್ತು ಶೋಸುಕೆ ಒಕಾಮೊಟೊ ಎಂಬ ದಂಪತಿಗಳು ರಕ್ತದ ಬಗ್ಗೆ ಸಂಶೋಧನೆಗೆ ಕೈಹಾ​ಕಿದರು. ಬಡ ಪ್ರಯೋಗಶಾಲೆ, ಸಾಮಗ್ರಿ ಸಾಲದಿದ್ದರೆ ತಮ್ಮದೇ ರಕ್ತವನ್ನು ಬಳಸಿಕೊಳ್ಳಬಹುದೆಂಬುದೂ ಆ ವಿಷಯವನ್ನಾರಿಸಲು ಒಂದು ಕಾರಣವಾಗಿತ್ತು. ಉಟಾಕೊ ತಮ್ಮ ಹೆಣ್ಣುಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರು. ಹೆರಿಗೆಯ ಅನಂತರದ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಅವರ ಆಸೆ. ಗಾಯದ ಬಾಯಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಒಂದು ವ್ಯವಸ್ಥೆ ನಮ್ಮ ರಕ್ತದಲ್ಲೇ ಇದೆ. ಹೆಪ್ಪು ಅವಸರದಲ್ಲಿ ಕರಗಿದರೆ ರಕ್ತ ನಿಲ್ಲದು. ಲೈಸಿನ್ ಎಂಬ ಅಮೈನೋ ಆಮ್ಲದ ರೂಪವನ್ನು ಅನುಸರಿಸಿ, ಆ ಕರಗುವಿಕೆಯನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಅವರು ಕಂಡುಹಿಡಿದರು. ಅದರ ವರದಿ ಪ್ರಕಟವಾದದ್ದು ೧೯೬೨ರಲ್ಲಿ, ಚಾರ್ನ್ಲಿಯವರ ಕೀಲು ಹುಟ್ಟಿದ ವರ್ಷದಲ್ಲೇ. ಪರಸ್ಪರರ ಸುಳಿವಿಲ್ಲದೆ ಭೂಮಿಯ ಎರಡು ಮೂಲೆಗಳಲ್ಲಿ ಹುಟ್ಟಿದ ಆ ಎರಡೂ ವಸ್ತುಗಳು ಇಂದು ಒಂದೇ ಮೇಜಿನ ಮೇಲೆ ಕೂಡುತ್ತವೆ. ಶಸ್ತ್ರಕ್ರಿಯೆಯ ಆರಂಭದಲ್ಲಿ ಕೊಡುವ ಈ ಅಗ್ಗದ ಔಷಧ ಹೋಗುವ ರಕ್ತವನ್ನು ಗಣನೀಯವಾಗಿ ಇಳಿಸುತ್ತದೆ. ಉಟಾಕೊ ಅವರ ಮೂಲ ಆಸೆ ಮಾತ್ರ ಬಹಳ ಕಾಯಬೇಕಾಯಿತು. ಇಪ್ಪತ್ತೊಂದು ದೇಶಗಳ ಇಪ್ಪತ್ತು ಸಾವಿರ ತಾಯಂದಿರ ಮೇಲೆ ನಡೆದ ಪ್ರಯೋಗವು, ಈ ಔಷಧ ಹೆರಿಗೆಯ ರಕ್ತಸ್ರಾವದ ಸಾವುಗಳನ್ನು ತಗ್ಗಿಸುವುದೆಂದು ೨೦೧೭ರಲ್ಲಿ ತೋರಿಸಿತು. ಅವರು ೨೦೧೬ರಲ್ಲಿ, ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಶಸ್ತ್ರಕ್ರಿಯೆಯ ಮೂರನೆಯ ದಿನ ದೊಡ್ಡಮ್ಮನ ಹಿಮೊಗ್ಲೋಬಿನ್ ೯.೮. ಮಂಚದಿಂದ ಏಳುವಾಗ ಒಮ್ಮೆ ತಲೆ ಸುತ್ತಿತು, ಕುಳಿತು ಸುಧಾರಿಸಿಕೊಂಡಳು. ರಕ್ತ ಹಾಕಲಿಲ್ಲ, ಹಾಕಬೇಕಾಗಿಯೂ ಬರಲಿಲ್ಲ. ಅಣ್ಣ ಕರೆತಂದಿದ್ದ ಹುಡುಗರಲ್ಲಿ ಇಬ್ಬರು ಮುಂಚೆಯೇ ರಕ್ತನಿಧಿಗೆ ರಕ್ತ ಕೊಟ್ಟಿದ್ದರು. ಅದು ಯಾರ ಮೈ ಸೇರಿತೋ ನಮಗೆ ತಿಳಿಯದು. ೯.೪ರಲ್ಲೇ ಶಸ್ತ್ರಕ್ರಿಯೆ ನಡೆದಿದ್ದರೆ ಅವಳು ಏಳಕ್ಕೋ ಅದಕ್ಕೂ ಕೆಳಗೋ ಇಳಿಯುತ್ತಿದ್ದಳೆಂಬ ಲೆಕ್ಕವನ್ನು ಅಣ್ಣನೇ ನನಗೆ ಹಾಕಿ ತೋರಿಸಿದ.

ಹೀಗೆ ಮುಂಚಿತವಾಗಿ ರಕ್ತವನ್ನು ಬೆಳೆಸುವುದು, ಹೋಗುವುದನ್ನು ತಡೆಯುವುದು, ಕಡಿಮೆಯಾದುದನ್ನು ತಾಳಿಕೊಳ್ಳಲು ಮೈಗೆ ನೆರವಾಗುವುದು, ಈ ಮೂರನ್ನು ಒಂದು ವ್ಯವಸ್ಥೆಯಾಗಿ ಇಡೀ ರಾಜ್ಯದಲ್ಲಿ ಮೊದಲು ನಡೆಸಿದ್ದು ಪಶ್ಚಿಮ ಆಸ್ಟ್ರೇಲಿಯಾ, ೨೦೦೮ರಿಂದ. ಅಲ್ಲಿಯ ನಾಲ್ಕು ದೊಡ್ಡ ಆಸ್ಪತ್ರೆಗಳ ಆರು ವರ್ಷಗಳ ಲೆಕ್ಕದಲ್ಲಿ ರೋಗಿಯೊಬ್ಬರಿಗೆ ಬಳಸಿದ ರಕ್ತ ಮತ್ತು ರಕ್ತದ ಅಂಶಗಳು ೪೧ ಪ್ರತಿಶತ ಇಳಿದುವು, ಸಾವುಗಳೂ ಇಳಿದುವು. ಎಲ್ಲ ದೇಶಗಳೂ ಇದನ್ನು ತಡಮಾಡದೆ ಕೈಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಕರೆಕೊಟ್ಟಿತು.

ಆದರೆ ಈ ಆರು ವಾರಗಳ ಸೌಭಾಗ್ಯ ಎಲ್ಲರಿಗೂ ಇಲ್ಲ. ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತು ಮುರಿದ ಮುದುಕಿಗೆ ಕಾಯುವ ಅವಕಾಶವೆಲ್ಲಿ? ಒಂದೆರಡು ದಿನಗಳಲ್ಲಿ ಶಸ್ತ್ರಕ್ರಿಯೆಯಾಗಬೇಕು, ತಡವಾದಷ್ಟೂ ಅಪಾಯ. ಅಂಥವಳು ಬೀಳುವ ಮುಂಚೆ ತನ್ನ ಉಗ್ರಾಣದಲ್ಲಿ ಏನಿತ್ತೋ ಅದರಿಂದಲೇ ಬದುಕಬೇಕು. ಈ ಉಗ್ರಾಣದ ಸ್ಥಿತಿ ನಮ್ಮ ದೇಶದಲ್ಲಿ ಹೇಗಿದೆ? ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನರು. ಕರ್ನಾಟಕದಲ್ಲಿ ಅರ್ಧಕ್ಕೆ ಸಮೀಪ. ಐವತ್ತು ದಾಟಿದ ಹೆಂಗಸನ್ನು ಆ ಸಮೀಕ್ಷೆ ಎಣಿಸಲೇ ಇಲ್ಲ. ೨೦೧೮ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಯೋಜನೆಯು ಹೆಸರಿಸಿದ ಆರು ವರ್ಗಗಳಲ್ಲಿ ಮಕ್ಕಳಿದ್ದಾರೆ, ಹರೆಯದವರಿದ್ದಾರೆ, ಹೆರುವ ವಯಸ್ಸಿನವರಿದ್ದಾರೆ, ಬಸಿರಿ ಬಾಣಂತಿಯರಿದ್ದಾರೆ, ಅಜ್ಜಿಯಿಲ್ಲ. ಹೆರುವ ಕೆಲಸ ಮುಗಿದೊಡನೆ ಅವಳ ರಕ್ತದ ಲೆಕ್ಕವೂ ಮುಗಿಯಿತೆಂಬಂತಾಗಿದೆ. ಕೀಲು ಸವೆಯುವುದೂ ಮೂಳೆ ಮುರಿಯುವುದೂ ಆ ಲೆಕ್ಕ ಮುಚ್ಚಿದ ಮೇಲೆಯೇ.

ಮನೆಯಲ್ಲಿ ಯಾರಿಗಾದರೂ ಇಂಥ ಶಸ್ತ್ರಕ್ರಿಯೆಯ ಮಾತು ಬಂದರೆ, ದಿನ ಗೊತ್ತುಮಾಡುವ ಮುಂಚೆಯೇ ಹಿಮೊಗ್ಲೋಬಿನ್ ಎಷ್ಟು ಎಂದೂ, ಕಡಿಮೆಯಿದ್ದರೆ ಏಕೆ ಕಡಿಮೆ ಎಂದೂ ವೈದ್ಯರನ್ನು ಕೇಳಬೇಕು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ, ಸೆರಗಿನ ಗಂಟಿನಲ್ಲಿರುವುದನ್ನೂ ಸೇರಿಸಿ, ಅವರ ಮುಂದಿಡಬೇಕು. ರಕ್ತ ತೆಳುಮಾಡುವ ಮಾತ್ರೆಗಳಿದ್ದರೆ ಅವರನ್ನು ಕೇಳದೆ ನಿಲ್ಲಿಸಬಾರದು. ಇಷ್ಟಕ್ಕೆ ಪಾಂಡಿತ್ಯ ಬೇಕಾಗಿಲ್ಲ. “ನನ್ನ ಮೈಯೇ ಹೀಗೆ” ಎಂಬ ಮಾತನ್ನು ಉತ್ತರವೆಂದು ಒಪ್ಪಿ ಸುಮ್ಮನಾಗದಿದ್ದರೆ ಸಾಕು.

ನಮ್ಮ ಕಾಲೇಜಿನಲ್ಲಿ ಬೆಳಗಿನ ಮೊದಲ ಪಾಠಕ್ಕೆ ದೂರದ ಹಳ್ಳಿಗಳಿಂದ ಬಸ್ಸಿನಲ್ಲಿ ನಿಂತು ಬರುವ ಹುಡುಗಿಯರಿದ್ದಾರೆ. ಅವರಲ್ಲೊಬ್ಬಳು ಆಗಾಗ ತಲೆ ಸುತ್ತುತ್ತದೆಯೆಂದು ಮೇಜಿನ ಮೇಲೆ ತಲೆಯಿಟ್ಟು ಕೂರುತ್ತಾಳೆ. ತಿಂಡಿ ತಿಂದು ಬಾರಮ್ಮ ಎಂದು ಹೇಳಿ ಪಾಠವನ್ನು ಮುಂದುವರಿಸುವುದು ಅಧ್ಯಾಪಕರಾದ ನಮ್ಮ ವಾಡಿಕೆ. ಈಗ ಅದರೊಡನೆ, ರಕ್ತಪರೀಕ್ಷೆ ಮಾಡಿಸಿದ್ದೀಯಾ ಎಂದು ಕೇಳುವುದನ್ನೂ ಸೇರಿಸಿಕೊಂಡಿದ್ದೇನೆ. ಮೊದಮೊದಲು ಅವಳು ನಾಚಿಕೊಂಡಳು. ಮೊನ್ನೆ ಪ್ರಾಥಮಿಕ ಆರೋಗ್ಯ ಕೇಂದ್ರದ ಒಂದು ಚೀಟಿಯನ್ನು ತಂದು ತೋರಿಸಿ, “ಹತ್ತೂವರೆ ಸಾರ್, ಮಾತ್ರೆ ಕೊಟ್ಟಿದ್ದಾರೆ. ನಮ್ಮಮ್ಮನಿಗೂ ಅಜ್ಜಿಗೂ ಮಾಡಿಸಬೇಕಂತೆ” ಎಂದಳು.